ಗಣಕಶಾಸ್ತ್ರದ ಆದ್ಯ ಪ್ರವರ್ತಕ ಅಲನ್ ಟ್ಯೂರಿಂಗ್

ಯಂತ್ರವೂ ವಿಚಾರ ಮಾಡಬಲ್ಲುದೇ ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದ ವಿಜ್ಞಾನಿಗಳಲ್ಲಿ ಅಲನ್ ಮ್ಯಾಥಿಸನ್ ಟ್ಯೂರಿಂಗ್ ಅವರು ಅಗ್ರಗಣ್ಯರು. 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದ ಇವರ ಮನೆತನಕ್ಕೆ ದಕ್ಷಿಣ ಭಾರತದ ನಂಟಿತ್ತು. ತಂದೆ ಜೂಲಿಯಸ್ ಅವರು ಮದ್ರಾಸ್ ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿಗಳಾಗಿ, ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೂ ಸೇವೆ ಸಲ್ಲಿಸಿದ್ದರು. ತಾಯಿಯ ತಂದೆ ಎಡ್ವರ್ಡ್ ಸ್ಟೋನಿಯವರು ಮದ್ರಾಸ್ ರೈಲ್ವೆಯ ಮುಖ್ಯ ಇಂಜಿನಿಯರರು. ತಂದೆತಾಯಿಗಳು ಭಾರತದಲ್ಲಿದ್ದುದರಿಂದ ಬಾಲಕನು ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ ಬೆಳೆಯಬೇಕಾಯಿತು.

ಶೆರ್ಬೋರ್ನ್ ಶಾಲೆಯಲ್ಲಿ ಅವರ ಬರವಣಿಗೆಯ ಅಂದಗೇಡಿತನ ಗುರುಗಳನ್ನು ಬೇಸರಪಡಿಸಿತ್ತು. ಕೇವಲ ವಿಜ್ಞಾನವನ್ನೇ ಹಂಬಲಿಸುವ ಹುಡುಗನು ಇಂಥ ಶಾಲೆಯಲ್ಲಿದ್ದು ಕಾಲಹರಣ ಮಾಡುತ್ತಿರುವನೆಂದು ಮುಖ್ಯಾಧ್ಯಾಪಕರು ಬಗೆದರು. ಅದೇ ವಿದ್ಯಾರ್ಥಿ 1931ರಲ್ಲಿ ಕೇಂಬ್ರಿಜ್ ಸೇರಿದರು. ಕ್ರಮವನ್ನು ಬರೆದುಕೊಟ್ಟರೆ ಒಂದೇ ಯಂತ್ರವು ಇತರ ಎಲ್ಲ ಗಣಕಯಂತ್ರಗಳ ಕೆಲಸವನ್ನೂ ಮಾಡಬಲ್ಲುದೆಂದು 1936ರ ಪ್ರಬಂಧದಲ್ಲಿ ಸಾಧಿಸಿದರು. ಎರಡನೆಯ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿದ್ದು, ಜರ್ಮನರ ಎನಿಗ್ಮಾ ಗೂಢಲಿಪಿಯನ್ನು ಭೇದಿಸುವ ಕಾರ್ಯದಲ್ಲಿ ಪ್ರಮುಖ ಪಾತ್ರ ವಹಿಸಿದರು.

1948ರಲ್ಲಿ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಅವರು ಒಂದು ವರದಿಯನ್ನು ಒಪ್ಪಿಸಿದರು. ಜೀವಿಗಳು ವಿಕಾಸ ಹೊಂದುವ ರೀತಿಯಲ್ಲಿಯೇ ಸಮಸ್ಯೆಗಳ ಪರಿಹಾರವನ್ನು ಹುಡುಕಬಹುದೆಂಬ ಸೂಚನೆ ಅದರಲ್ಲಿತ್ತು. ಹುನಗುಂದದ ಎರೆಭೂಮಿಯ ರೈತನು ಜೋಳದ ಉತ್ತಮ ತೆನೆಗಳನ್ನು ಆರಿಸಿ ಬೀಜಕ್ಕೆ ತೆಗೆದಿಡುವಂತೆ, ಅನೇಕ ಪರಿಹಾರಗಳಲ್ಲಿ ಮೇಲಾದವುಗಳನ್ನು ಉಳಿಸಿಕೊಂಡು ಮುಂದಿನ ಪೀಳಿಗೆಯನ್ನು ಪಡೆಯುವ ಕ್ರಮವಿದು. ಪ್ರಯೋಗಾಲಯದ ನಿರ್ದೇಶಕರಾಗಿದ್ದ ಸರ್ ಚಾರ್ಲ್ಸ್ ಡಾರ್ವಿನ್ನರು ವಿಕಾಸವಾದದ ಮಹಾಪುರುಷನ ಮೊಮ್ಮಗ. ಆದರೂ ಅವರು ವರದಿಯನ್ನು ಶಾಲಾಬಾಲಕನ ಪ್ರಬಂಧವೆಂದೆಣಿಸಿ ಬದಿಗಿರಿಸಿದರು.

ಸಲಿಂಗಪ್ರೇಮವನ್ನು ಅಪರಾಧವೆಂದೆಣಿಸುತ್ತಿದ್ದ ಅಂದಿನ ಕಾನೂನು 1952ರಲ್ಲಿ ಟ್ಯೂರಿಂಗರನ್ನು ಶಿಕ್ಷೆಗೊಳಪಡಿಸಿತು. 1954ರ ಜೂನ್ 7ರಂದು, 41ರ ವಯಸ್ಸಿನಲ್ಲಿ, ವಿಷಪ್ರಾಶನದಿಂದ ಅವರು ಕಾಲವಶರಾದರು. ಬ್ರಿಟನ್ನಿನ ರಾಣಿಯವರ ಕ್ಷಮಾದಾನವು ಅವರ ಹೆಸರಿಗೆ ದೊರೆತುದು 2013ರಲ್ಲಿ.

ಬದಿಗಿರಿಸಿದ ವರದಿಯು 1968ರಲ್ಲಿ ಬೆಳಕು ಕಂಡಿತು. ಅಷ್ಟರಲ್ಲಿ ಅನ್ಯ ವಿದ್ವಾಂಸರು ಅದೇ ದಾರಿಯನ್ನು ಹಿಡಿದಿದ್ದರು. 1975ರಲ್ಲಿ ಅಮೆರಿಕದ ಜಾನ್ ಹಾಲೆಂಡರು ಈ ವಿಧಾನಕ್ಕೆ ಗ್ರಂಥರೂಪದ ತಳಹದಿಯನ್ನಿತ್ತರು. ಇಂದು ಅದು ಕ್ವಾಂಟಂ ಗಣಕಗಳ ಮಂಡಲರಚನೆಗೂ ನೆರವಾಗಿದೆ. ಗೇಟುಗಳೆಂಬ ಸೂಕ್ಷ್ಮ ಕ್ರಿಯೆಗಳ ಸಾಲೇ ಈ ಮಂಡಲ. ಪ್ರತಿಯೊಂದು ಗೇಟಿನಲ್ಲಿಯೂ ಅಲ್ಪ ದೋಷವು ನುಸುಳುವುದರಿಂದ, ಕಡಿಮೆ ಗೇಟುಗಳಿಂದ ಅದೇ ಕಾರ್ಯವನ್ನು ಸಾಧಿಸುವುದು ಅವಶ್ಯ. ಜೋಡಣೆಗಳು ಅಸಂಖ್ಯಾತವಾಗಿ, ಒಂದೊಂದನ್ನೇ ನೋಡುವುದು ಅಸಾಧ್ಯ. ಆದುದರಿಂದ ಗಣಕವು ನೂರಾರು ಮಂಡಲಗಳನ್ನು ಹುಟ್ಟಿಸಿ, ಪರೀಕ್ಷಿಸಿ, ಉತ್ತಮವಾದವುಗಳನ್ನು ಬೆರೆಸಿ, ತುಸು ಮಾರ್ಪಡಿಸಿ, ಹೊಸ ಪೀಳಿಗೆಯನ್ನು ರಚಿಸುತ್ತದೆ. 1990ರ ದಶಕದ ಕೊನೆಯಿಂದ ಸಂಶೋಧಕರು ಹೀಗೆ ಚಿಕ್ಕ ಚಿಕ್ಕ ಮಂಡಲಗಳನ್ನು ಪಡೆದಿದ್ದಾರೆ. ಮಂಡಲವು ಹಿರಿದಾದಂತೆ ಪರೀಕ್ಷೆಯ ಶ್ರಮವು ವಿಪರೀತವಾಗಿ ಬೆಳೆಯುವುದೇ ಇಲ್ಲಿನ ತೊಡಕು.

ಟ್ಯೂರಿಂಗರ ವಿಷಯದಲ್ಲಿ ಶಾಲೆಯೂ ಪ್ರಯೋಗಾಲಯವೂ ತೀರ್ಪು ನೀಡಲು ಅವಸರಪಟ್ಟವು. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ನಿತ್ಯ ಕೈಯಲ್ಲಿ ಹಿಡಿಯುವ ನಮ್ಮ ಶಿಕ್ಷಕಬಂಧುಗಳು ಈ ಚರಿತ್ರೆಯನ್ನು ನೆನಪಿನಲ್ಲಿರಿಸಿಕೊಳ್ಳುವುದು ಉಚಿತ.