ವಕೀಲಿ ಬಿಟ್ಟು ಶಾಲೆ ಕಟ್ಟಿದ ಕುದ್ಮುಲ್ ರಂಗರಾಯರು

ಮಂಗಳೂರು: ಪುರಭವನದಲ್ಲಿ ನಾಟಕ, ಸಮಾರಂಭ ಅಂತ ನಾವೆಲ್ಲ ಹೋಗಿ ಬರ್ತೇವೆ. ಆ ಭವನಕ್ಕೆ ಕುದ್ಮುಲ್ ರಂಗರಾವ್ ಹೆಸರಿದೆ. ಆದರೆ ಆ ಮನುಷ್ಯ ಏನು ಮಾಡಿದ್ರು ಅಂತ ಕೇಳಿದರೆ ನಮ್ಮ ಪ್ರಾಯದವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡು ಕಡೆಯ ಕುದ್ಮುಲ್‌ನಲ್ಲಿ, ಸಾರಸ್ವತ ಬ್ರಾಹ್ಮಣ ಮನೆಯಲ್ಲಿ. ಚಿಕ್ಕ ಪ್ರಾಯದಲ್ಲೇ ತಂದೆ ತೀರಿಕೊಂಡರು. ಮನೆ ನಡೆಸಲಿಕ್ಕೆ ಮಂಗಳೂರಿಗೆ ಬಂದು ಮಾಸ್ಟ್ರಾದರು. ತಿಂಗಳಿಗೆ ಸಂಬಳ 8 ರೂಪಾಯಿ. ಕೆಲಸ ಮಾಡ್ತಲೇ ಓದಿ ವಕೀಲರಾದರು. ಬಡವರ ಕೇಸಿಗೆ ಫೀಸು ಕೇಳದ ವಕೀಲ ಅಂತ ಹೆಸರು ಬಂತು.

ಆಗ ದಲಿತರ ಮಕ್ಕಳಿಗೆ ಬೇರೆಯವರ ಜೊತೆ ಕೂತು ಕಲಿಯುವ ಅವಕಾಶವೇ ಇರಲಿಲ್ಲ. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಅವರಿಗಾಗಿಯೇ ರಾಯರು ಶಾಲೆ ತೆರೆದರು. ಊರಿನವರ ವಿರೋಧಕ್ಕೆ ಶಾಲೆಯ ಜಾಗವನ್ನೇ ಬದಲಿಸಬೇಕಾಯಿತು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ರಾಯರು ಶಾಲೆ ಮುಚ್ಚಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಕೊಡಿಯಾಲ್‌ಬೈಲಿನ ಶೇಡಿಗುಡ್ಡೆ ಅದರ ನೆಲೆಯಾಯಿತು. ಮುಂದೆ ವಕೀಲಿಯನ್ನೂ ಬಿಟ್ಟು ಪೂರ್ತಿ ಇದಕ್ಕೇ ನಿಂತರು.

ಶಾಲೆ ತೆರೆದ ಕೂಡಲೇ ಮಕ್ಕಳು ಬರೋದಿಲ್ಲ ಅಂತ ರಾಯರಿಗೆ ಬೇಗ ಗೊತ್ತಾಯಿತು. ಹುಡುಗ ಶಾಲೆಗೆ ಬಂದರೆ ಮನೆಗೆ ಅವನ ಆ ದಿನದ ದುಡಿಮೆ ಇಲ್ಲ. ಹಾಗಾಗಿ ಬಂದ ಮಕ್ಕಳಿಗೆ ದಿನಕ್ಕೆ 2 ಪೈಸೆ ಕೊಟ್ಟರು, ಮಧ್ಯಾಹ್ನ ಊಟ ಹಾಕಿದರು. ದೂರದವರಿಗೆ ಹಾಸ್ಟೆಲ್ ಮಾಡಿದರು. ನೇಯ್ಗೆ, ಮರಗೆಲಸ ಕಲಿಸಿದರು. ಮನೆ ಕಟ್ಟಿಕೊಳ್ಳಲಿಕ್ಕೆ ಜಾಗ ಕೊಡಿಸಲು ಓಡಾಡಿದರು. ಈಗ ಸರ್ಕಾರ ಮಾಡುವ ಬಿಸಿಯೂಟ, ಹಾಸ್ಟೆಲ್, ನಿವೇಶನದ ಕೆಲಸವನ್ನು ಆಗ ಒಬ್ಬ ವಕೀಲರು ಜನರ ಹತ್ತಿರ ಚಂದಾ ಎತ್ತಿ ಮಾಡಿದ್ದರು.

ಮಗಳು ರಾಧಾಬಾಯಿ ಮದುವೆಯಾದದ್ದು ಬೇರೆ ಜಾತಿಯ, ತಮಿಳುನಾಡಿನ ಜಮೀನ್ದಾರ ಪಿ. ಸುಬ್ಬರಾಯನ್ ಅವರನ್ನು. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ಊರಿಗೆ ಹೇಳಿದ್ದನ್ನು ರಾಯರು ಮನೆಯಲ್ಲೂ ನಡೆಸಿದರು ಅನ್ನಲಿಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

1927ರಲ್ಲಿ ಸನ್ಯಾಸ ತಗೊಂಡು ಸ್ವಾಮಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಕೊನೆಯ ಕಾರ್ಯ ದಲಿತರ ಕೈಯಿಂದಲೇ ಆಗಬೇಕು ಅಂತ ಮೊದಲೇ ತಿಳಿಸಿದ್ದರು. ಸಮಾಧಿ ನಂದಿಗುಡ್ಡೆಯಲ್ಲಿದೆ. ತಾನು ಓದಿಸಿದ ಮಕ್ಕಳು ಸರ್ಕಾರಿ ಕೆಲಸ ಹಿಡಿದು ಕಾರಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅನ್ನೋದು ಅವರ ಆಸೆಯಾಗಿತ್ತು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ರಾಯರ ಶಾಲೆಗೆ ಹೋಗಿ ನೋಡಿದರು.

ಇವತ್ತು ಸಮಾಜಕಾರ್ಯಕ್ಕೆ ಡಿಗ್ರಿ ಇದೆ. ನಮ್ಮ ರೋಶನಿ ನಿಲಯದಲ್ಲೇ 1960ರಿಂದ ಕಲಿಸ್ತಾರೆ. ಆದರೂ ಮಗ ಅಥವಾ ಮಗಳು ಆ ಕೋರ್ಸಿಗೆ ಸೇರ್ತೇನೆ ಅಂದರೆ, ಅದರಲ್ಲಿ ಹೊಟ್ಟೆ ತುಂಬ್ತದಾ ಅಂತ ಮನೆಯಲ್ಲಿ ಕೇಳ್ತಾರೆ. ಕೇಳೋದು ತಪ್ಪಲ್ಲ. ರಾಯರೂ ಮೊದಲು ಮಕ್ಕಳ ಹೊಟ್ಟೆ ನೋಡಿದರು, ಆಮೇಲೆ ಪಾಠ ಹೇಳಿದರು. ಈ ಕೆಲಸಕ್ಕೆ ಇಳಿಯುವವರು ಅವರಿಂದ ಮೊದಲು ಕಲಿಯಬೇಕಾದದ್ದು ಅದನ್ನೇ.