ರೈಫಲ್ ಅವರದು, ಹೆಸರು ಮಾತ್ರ ಇಲ್ಲ

ದೇವಸುಗೂರಿನಿಂದ ರಾಯಚೂರಿಗೆ ಹೋದಾಗ ನಾವು ಕೋಟೆ ಹತ್ತುತ್ತೇವೆ, ತೋಪಿನ ಪಕ್ಕ ನಿಂತು ಫೋಟೋ ತಗೋತೇವೆ. ಅದನ್ನು ಮಾಡಿದವರು ಯಾರು ಅಂತ ಮಾತ್ರ ಕೇಳೋದಿಲ್ಲ. ಹೀಗೇ ತಾನು ಮಾಡಿದ ಬಂದೂಕಿನಲ್ಲಿ ತನ್ನ ಹೆಸರು ಕಾಣದೇ ಹೋದ ಒಬ್ಬ ಎಂಜಿನಿಯರ್ ಇದ್ದರು, ರಷ್ಯಾದ ಸೆರ್ಗೈ ಇವಾನೊವಿಚ್ ಮೊಸಿನ್.

ಅವರು ಹುಟ್ಟಿದ್ದು 1849ರಲ್ಲಿ, ವೊರೊನೆಜ್ ಸೀಮೆಯ ರಮೊನ್‌ನಲ್ಲಿ. ಹನ್ನೆರಡನೇ ವಯಸ್ಸಿಗೇ ಸೈನಿಕ ಶಾಲೆ. 1875ರಲ್ಲಿ ಫಿರಂಗಿ ಅಕಾಡೆಮಿಯ ಓದು ಮುಗಿಸಿ ತುಲಾ ಶಸ್ತ್ರಾಸ್ತ್ರ ಕಾರ್ಖಾನೆ ಸೇರಿದರು. ಆಗಿನ ಬೆರ್ಡಾನ್ ರೈಫಲ್‌ಗೆ ಒಂದು ಸಲಕ್ಕೆ ಒಂದೇ ಗುಂಡು ತುಂಬಬೇಕಿತ್ತು. ಮೊಸಿನ್ ಅದಕ್ಕೊಂದು ಮ್ಯಾಗಜಿನ್ ಮಾಡಿದರು. ಫ್ರಾನ್ಸಿನ ಕಂಪನಿಯೊಂದು ಆ ವಿನ್ಯಾಸಕ್ಕೆ 6 ಲಕ್ಷ ಫ್ರಾಂಕ್ ಕೊಡ್ತೀವಿ ಅಂತು. ಅವರು ಒಪ್ಪಲಿಲ್ಲ.

ಮುಂದೆ ಹೊಸ ರೈಫಲ್‌ಗಾಗಿ ಬೆಲ್ಜಿಯಂನ ಲಿಯೋನ್ ನಗಾನ್ ಜೊತೆ ಪೈಪೋಟಿ ಬಿತ್ತು. ರಷ್ಯಾದ ಕಾಡತೂಸಿನ ಬುಡಕ್ಕೆ ಹೊರಚಾಚಿದ ಅಂಚು ಇತ್ತು. ಎರಡು ಕಾಡತೂಸು ಒಟ್ಟಿಗೆ ಮೇಲೆ ಬಂದರೆ ಅಂಚುಗಳು ಸಿಕ್ಕಿಕೊಂಡು ಬಂದೂಕು ಜಾಮ್! ಮೊಸಿನ್ ಇಟ್ಟದ್ದು ಒಂದು ಸಣ್ಣ ಸ್ಪ್ರಿಂಗ್ ಪಟ್ಟಿ. ಮೊದಲನೇ ಕಾಡತೂಸು ಒಳಗೆ ಹೋಗೋವರೆಗೂ ಎರಡನೇದನ್ನು ಅದು ಕೆಳಗೇ ಒತ್ತಿ ಹಿಡೀತಿತ್ತು. ಇಷ್ಟೇ ನೋಡ್ರಿ, ಆದರೆ ಇದಿಲ್ಲದೆ ಉಳಿದದ್ದೆಲ್ಲ ವ್ಯರ್ಥ.

1891ರಲ್ಲಿ ಸೈನ್ಯ ಮೊಸಿನ್ ರೈಫಲನ್ನೇ ಒಪ್ಪಿಕೊಂಡಿತು. ಕಾಡತೂಸು ತುಂಬುವ ಕ್ಲಿಪ್‌ನಂಥ ಕೆಲವು ಅಂಶ ಮಾತ್ರ ನಗಾನ್ ಅವರದು. ಆದರೂ ನಗಾನ್‌ಗೆ 2 ಲಕ್ಷ ರೂಬಲ್, ಮೊಸಿನ್‌ಗೆ 30 ಸಾವಿರ. ಹಲವರ ಕೈ ಇದೆ ಅನ್ನೋ ಕಾರಣಕ್ಕೆ ಯಾರ ಹೆಸರೂ ಸೇರಲಿಲ್ಲ. ದೊರೆ ಮೂರನೇ ಅಲೆಕ್ಸಾಂಡರ್ ಒಪ್ಪಿದ ಹೆಸರು 'ಮೂರು ಲೈನ್ ರೈಫಲ್, 1891'. ಲೈನ್ ಅಂದ್ರೆ ಇಂಚಿನ ಹತ್ತನೇ ಒಂದು ಭಾಗ. ಮೂರು ಲೈನ್ ಅಂದ್ರೆ 7.62 ಮಿ.ಮೀ. ನಾವು ಕೇಳಿರೋ 7.62ರ ಮೂಲ ಇದೇ.

ಮೊಸಿನ್ 1894ರಲ್ಲಿ ಸೆಸ್ಟ್ರೊರೆಟ್ಸ್ಕ್ ಕಾರ್ಖಾನೆಯ ಮುಖ್ಯಸ್ಥರಾದರು. 1902ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಅವರ ರೈಫಲ್ ಎರಡು ಮಹಾಯುದ್ಧ ಕಂಡಿತು. ಅದೇ ಕಾಡತೂಸನ್ನು ನಮ್ಮ ಸೈನ್ಯದ ಡ್ರಾಗುನೋವ್ ರೈಫಲ್ ಕೂಡ ಬಳಸುತ್ತೆ. ಸೋವಿಯತ್ ಕಾಲದಲ್ಲಿ ಮೊಸಿನ್ ಹೆಸರು ಸೇರಿತು, ಆದರೆ ಕೇಳಲು ಅವರೇ ಇರಲಿಲ್ಲ.

ಬಂದೂಕು ಕೊಲ್ಲೋ ಯಂತ್ರ, ಅದನ್ನು ಮರೆಯೋದು ಬೇಡ. ಆದರೆ ನಾಲ್ಕು ಜನ ಸೇರಿ ಪ್ರಾಜೆಕ್ಟ್ ಮಾಡೋ ನಮಗೆ ಮೊಸಿನ್ ಬದುಕಿನಿಂದ ಒಂದು ಪಾಠ ಇದೆ. ಯಾರು ಯಾವ ಭಾಗ ಮಾಡಿದರು ಅನ್ನೋದನ್ನ ರಿಪೋರ್ಟಿನಲ್ಲಿ ಸರಿಯಾಗಿ ಬರೆಯೋಣ. ಸ್ಪ್ರಿಂಗ್ ಪಟ್ಟಿ ಮಾಡಿದವನ ಹೆಸರೂ ಇರಲಿ.