ಡೀಸೆಲ್ ಅನ್ನೋ ಮನುಷ್ಯ ಮತ್ತು ಒಂದು ಪೆಟ್ರೋಲ್ ಕಾರಿನ ಲೆಕ್ಕ

ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋ ಮಾತು ಯಾವ ಮನೇಲಿ ಬಂದರೂ ಮೊದಲ ಪ್ರಶ್ನೆ ಒಂದೇ: ಪೆಟ್ರೋಲಾ, ಡೀಸೆಲಾ? ಎರಡನೇ ಪ್ರಶ್ನೆ, ಮೈಲೇಜ್ ಎಷ್ಟು ಕೊಡುತ್ತೆ? ಮೆಕ್ಯಾನಿಕಲ್ ಓದ್ತಿರೋ ನಮ್ಮನ್ನ ನೆಂಟರು ಕೇಳೋದೂ ಇದನ್ನೇ. ನಾವು ಥರ್ಮೋಡೈನಮಿಕ್ಸ್ ಪರೀಕ್ಷೇಲಿ ಓಟ್ಟೋ ಸೈಕಲ್, ಡೀಸೆಲ್ ಸೈಕಲ್ ಎರಡರ ಚಿತ್ರ ಬರೆದು, ಸೂತ್ರ ಬರೆದು, ಮಾರ್ಕ್ಸ್ ತಗೊಂಡು ಮುಂದಕ್ಕೆ ಹೋಗ್ತೀವಿ. ಡೀಸೆಲ್ ಅನ್ನೋದು ಬಂಕಿನಲ್ಲಿ ಸಿಗೋ ಎಣ್ಣೆಯ ಹೆಸರು ಅಂತಲೇ ನಮ್ಮಲ್ಲಿ ಎಷ್ಟೋ ಜನ ತಿಳ್ಕೊಂಡಿದ್ದೀವಿ. ಅದು ಒಬ್ಬ ಮನುಷ್ಯನ ಮನೆತನದ ಹೆಸರು. ಆ ಮನುಷ್ಯನ ಬದುಕು ಗೊತ್ತಾದರೆ, ಡೀಸೆಲ್ ಬಿಟ್ಟು ಹಳೇ ಪೆಟ್ರೋಲ್ ಕಾರನ್ನ ಆರಿಸಿಕೊಳ್ಳೋದು ಯಾವಾಗ ಜಾಣತನ ಅನ್ನೋದೂ ಗೊತ್ತಾಗುತ್ತೆ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ಸಿನಲ್ಲಿ. ಅಪ್ಪ ಅಮ್ಮ ಜರ್ಮನ್ನರು. ಅಪ್ಪ ಪುಸ್ತಕಕ್ಕೆ ಬೈಂಡಿಂಗ್ ಹಾಕೋ ಕೆಲಸದವನು, ಆಮೇಲೆ ಚರ್ಮದ ಸಾಮಾನು ಮಾಡ್ತಿದ್ದ. ದೊಡ್ಡ ಅನುಕೂಲಸ್ಥರೇನಲ್ಲ. ಪ್ಯಾರಿಸ್ಸಿನ ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಹಳೇ ಯಂತ್ರಗಳನ್ನ ನೋಡ್ತಾ ನಿಲ್ಲೋದು ಹುಡುಗನಿಗೆ ಇಷ್ಟ. 1870ರಲ್ಲಿ ಫ್ರಾನ್ಸ್‌ಗೂ ಜರ್ಮನ್ನರಿಗೂ ಯುದ್ಧ ಶುರುವಾಯ್ತು. ಜರ್ಮನ್ ಮೂಲದವರು ಪ್ಯಾರಿಸ್ ಬಿಟ್ಟು ಹೋಗಬೇಕಾಯ್ತು. ಕುಟುಂಬ ಲಂಡನ್ನಿಗೆ ಹೋಯ್ತು. ಅಲ್ಲಿ ಜೀವನ ನಡೆಸೋದೇ ಕಷ್ಟ ಆದಾಗ, 12 ವರ್ಷದ ರುಡಾಲ್ಫ್‌ನನ್ನ ಜರ್ಮನಿಯ ಆಗ್ಸ್‌ಬರ್ಗ್‌ಗೆ, ನೆಂಟರ ಮನೆಗೆ ಕಳಿಸಿದರು. ಆ ಮನೆಯ ಯಜಮಾನರು ಗಣಿತದ ಮೇಷ್ಟ್ರು. ಅಲ್ಲೇ ಓದಿ, ಸ್ಕಾಲರ್‌ಶಿಪ್ ಗಿಟ್ಟಿಸಿ, 1875ರಲ್ಲಿ ಮ್ಯೂನಿಕ್‌ನ ಪಾಲಿಟೆಕ್ನಿಕ್ ಸೇರಿದ.

ಅಲ್ಲಿ ಪಾಠ ಮಾಡ್ತಿದ್ದವರು ಕಾರ್ಲ್ ಫಾನ್ ಲಿಂಡೆ. ನಮ್ಮ ಫ್ರಿಜ್‌ಗಳಿಗೆ ದಾರಿ ಹಾಕಿಕೊಟ್ಟ ವಿಜ್ಞಾನಿ. ಒಂದು ದಿನ ಕ್ಲಾಸಿನಲ್ಲಿ ಅವರು ಉಗಿ ಎಂಜಿನ್ನಿನ ಲೆಕ್ಕ ತೆಗೆದರು. ಕಲ್ಲಿದ್ದಲು ಸುಟ್ಟಾಗ ಬರೋ ಶಾಖದಲ್ಲಿ ನೂರಕ್ಕೆ ಹತ್ತು ಭಾಗ ಕೂಡ ಕೆಲಸವಾಗಿ ಬದಲಾಗಲ್ಲ, ಮಿಕ್ಕಿದ್ದೆಲ್ಲ ಚಿಮಣಿಯಲ್ಲಿ, ನೀರಲ್ಲಿ ಹೋಗುತ್ತೆ. ಕಾರ್ನೋ ಹೇಳಿದ ಆದರ್ಶ ಸೈಕಲ್‌ಗೂ ಇದಕ್ಕೂ ಎಷ್ಟು ದೂರ ಅಂತ ತೋರಿಸಿದರು. ನಮ್ಮಂಥವರು ಇದನ್ನ ನೋಟ್ಸಿನಲ್ಲಿ ಬರ್ಕೊಂಡು ಕ್ಯಾಂಟೀನಿಗೆ ಹೋಗ್ತೀವಿ. ರುಡಾಲ್ಫ್ ನೋಟ್ಸಿನ ಅಂಚಿನಲ್ಲಿ ಒಂದು ಪ್ರಶ್ನೆ ಬರ್ಕೊಂಡ, ಮುಂದಿನ ಹದಿನೈದು ವರ್ಷ ಅದನ್ನ ಬಿಡಲಿಲ್ಲ.

ಫೈನಲ್ ಪರೀಕ್ಷೆ ಹೊತ್ತಿಗೆ ಟೈಫಾಯ್ಡ್ ಬಂತು. ಪರೀಕ್ಷೆ ತಪ್ಪಿತು. ಮಧ್ಯದಲ್ಲಿ ಸ್ವಿಟ್ಜರ್ಲೆಂಡಿನ ಸುಲ್ಜರ್ ಕಾರ್ಖಾನೇಲಿ ಕೈಕೆಲಸ ಕಲಿತು, 1880ರಲ್ಲಿ ಪರೀಕ್ಷೆ ಬರೆದು ಅತ್ಯುತ್ತಮ ಅಂಕ ತಗೊಂಡರು. ಆಮೇಲೆ ಗುರುಗಳ ಕಂಪನಿಯ ಐಸ್ ಕಾರ್ಖಾನೇಲಿ ಕೆಲಸ, ಮೊದಲು ಪ್ಯಾರಿಸ್ಸಿನಲ್ಲಿ, 1890ರಿಂದ ಬರ್ಲಿನ್ನಿನಲ್ಲಿ. ಮದುವೆ ಆಯ್ತು, ಮೂರು ಮಕ್ಕಳಾದರು. ಹಗಲೆಲ್ಲ ಐಸು, ರಾತ್ರಿಯೆಲ್ಲ ಬೆಂಕಿಯ ಲೆಕ್ಕ.

ಅಷ್ಟು ಹೊತ್ತಿಗೆ ಪೆಟ್ರೋಲ್ ಎಂಜಿನ್ನಿನ ಬುನಾದಿ ಬಿದ್ದಾಗಿತ್ತು. 1876ರಲ್ಲೇ ನಿಕೋಲಾಸ್ ಓಟ್ಟೋ ನಾಲ್ಕು ಸ್ಟ್ರೋಕಿನ ಎಂಜಿನ್ ಓಡಿಸಿದ್ದರು. ಅದರಲ್ಲಿ ಗಾಳಿ ಮತ್ತು ಇಂಧನ ಮೊದಲೇ ಬೆರೆತು ಒಳಗೆ ಬರುತ್ತೆ. ಜಾಸ್ತಿ ಒತ್ತಿದರೆ ಕಿಡಿ ಹಚ್ಚೋ ಮೊದಲೇ ತಾನೇ ಹೊತ್ತಿಕೊಂಡು ಎಂಜಿನ್ ಬಡಿದುಕೊಳ್ಳುತ್ತೆ. ಕಂಪ್ರೆಷನ್ ಕಡಿಮೆ ಇದ್ದರೆ ದಕ್ಷತೆಯೂ ಕಡಿಮೆ. ರುಡಾಲ್ಫ್ ಯೋಚನೆ ಬೇರೆ. ಬರೀ ಗಾಳಿಯನ್ನ ಮಾತ್ರ ಒತ್ತೋಣ, ಅದು ಕೆಂಡದಷ್ಟು ಬಿಸಿ ಆಗಲಿ, ಆಮೇಲೆ ಇಂಧನ ಬಿಡೋಣ. ಕಿಡಿಯೇ ಬೇಡ. ಮೊದಲೇ ಹೊತ್ತಿಕೊಳ್ಳೋಕೆ ಒಳಗೆ ಇಂಧನವೇ ಇಲ್ಲ, ಹಾಗಾಗಿ ಎಷ್ಟು ಬೇಕಾದರೂ ಒತ್ತಬಹುದು. ಇವತ್ತಿಗೂ ಸಾಧಾರಣ ಪೆಟ್ರೋಲ್ ಎಂಜಿನ್ನಿನ ಕಂಪ್ರೆಷನ್ ರೇಷಿಯೋ 10ರ ಆಸುಪಾಸು, ಡೀಸೆಲ್‌ನದ್ದು 16ರ ಆಸುಪಾಸು. ಮೈಲೇಜಿನ ಗುಟ್ಟು ಬಹುಪಾಲು ಇಲ್ಲೇ ಇದೆ.

1893ರಲ್ಲಿ ಪೇಟೆಂಟ್ ಸಿಕ್ಕಿತು, ಒಂದು ಪುಸ್ತಕವೂ ಬಂತು. ಕಾಗದದ ಲೆಕ್ಕದಲ್ಲಿ ದಕ್ಷತೆ ನೂರಕ್ಕೆ 70 ದಾಟಿತ್ತು! ಉರಿಯೋವಾಗ ಉಷ್ಣತೆ ಏರಲೇಬಾರದು ಅನ್ನೋದು ಆ ಲೆಕ್ಕದ ಆಧಾರ. ಅದು ನಡೆಯೋ ಮಾತಲ್ಲ ಅಂತ ಅವರಿಗೇ ಬೇಗ ಗೊತ್ತಾಯ್ತು. ಉಷ್ಣತೆ ಬಿಟ್ಟು ಒತ್ತಡವನ್ನ ಒಂದೇ ಸಮ ಇಡೋ ದಾರಿ ಹಿಡಿದರು. ನಾವು ಪರೀಕ್ಷೇಲಿ ಬರೆಯೋ ಆ ಅಡ್ಡ ಗೆರೆ ಹುಟ್ಟಿದ್ದು ಹೀಗೆ. ಆದರೆ ಪೇಟೆಂಟಿನಲ್ಲಿ ಬರೆದದ್ದು ಒಂದು, ಓಡಿದ್ದು ಇನ್ನೊಂದು ಅಂತ ವಿರೋಧಿಗಳು ಅವರ ಜೀವಮಾನವಿಡೀ ಕಾಡಿದರು.

ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆ ಮತ್ತು ಕ್ರುಪ್ ಕಂಪನಿ ದುಡ್ಡು ಹಾಕಿದವು. 1893ರ ಆಗಸ್ಟ್ 10ರಂದು ಮೊದಲ ಪರೀಕ್ಷೆ. ಇಂಧನ ಹೊತ್ತಿಕೊಂಡಿತು, ಒತ್ತಡ ಅಳೆಯೋ ಇಂಡಿಕೇಟರ್ ಸಿಡಿದು ಹಾರಿಹೋಯ್ತು. 1894ರ ಫೆಬ್ರವರಿ 17ರಂದು ಎಂಜಿನ್ ಸ್ವಂತ ಶಕ್ತಿಯಿಂದ ಸುಮಾರು ಒಂದು ನಿಮಿಷ ತಿರುಗಿತು. ಆಮೇಲೂ ಮೂರು ವರ್ಷ ಬಿಚ್ಚೋದು, ಜೋಡಿಸೋದು. 1897ರ ಫೆಬ್ರವರಿ 17ರಂದು ಪ್ರೊಫೆಸರ್ ಮೊರಿಟ್ಜ್ ಶ್ರೋಟರ್ ಬಂದು ಅಧಿಕೃತವಾಗಿ ಅಳೆದರು. ದಕ್ಷತೆ 26.2 ಶೇಕಡಾ. 70 ಎಲ್ಲಿ, 26 ಎಲ್ಲಿ ಅನ್ನಬಹುದು. ಆದರೆ ಆ ಕಾಲದಲ್ಲಿ ಬೇರೆ ಯಾವ ಎಂಜಿನ್ನೂ ಅಲ್ಲಿಗೆ ಮುಟ್ಟಿರಲಿಲ್ಲ.

ಆ ಎಂಜಿನ್ನಿನ ಅಳತೆ ಒಮ್ಮೆ ನೋಡಿ. ಒಂದೇ ಸಿಲಿಂಡರ್, ಬೋರ್ 250 ಮಿಲಿಮೀಟರ್, ಸ್ಟ್ರೋಕ್ 400 ಮಿಲಿಮೀಟರ್. ಗುಣಿಸಿದರೆ 19.6 ಲೀಟರ್. ಮನುಷ್ಯನಿಗಿಂತ ಎತ್ತರದ ಕಬ್ಬಿಣದ ರಾಶಿ, ಕೊಡ್ತಿದ್ದದ್ದು ಸುಮಾರು 20 ಹಾರ್ಸ್‌ಪವರ್. ಇಂಧನವನ್ನ ಸಿಲಿಂಡರಿಗೆ ಊದೋಕೆ ಬೇರೆ ಕಂಪ್ರೆಸರ್ ಬೇಕಿತ್ತು. ಇದನ್ನ ಕಾರಿಗೆ ಕೂರಿಸೋ ಹಾಗಿರಲಿಲ್ಲ. ಕಾರ್ಖಾನೆ, ಪವರ್ ಹೌಸ್, ಹಡಗು, ಒಂದು ಸಲ ಶುರುವಾದರೆ ಗಂಟೆಗಟ್ಟಲೆ ಒಂದೇ ವೇಗದಲ್ಲಿ ದುಡಿಯೋ ಜಾಗ, ಅಲ್ಲಿಗೆ ಇದು ಹೇಳಿ ಮಾಡಿಸಿದ್ದು. ಸಣ್ಣ ಕೈಗಾರಿಕೆಯವರೂ ದೊಡ್ಡ ಕಾರ್ಖಾನೆಗಳ ಎದುರು ನಿಲ್ಲೋ ಹಾಗೆ ಆಗಲಿ ಅನ್ನೋದು ರುಡಾಲ್ಫ್ ಅವರ ಆಸೆಯಾಗಿತ್ತು. 1900ರ ಪ್ಯಾರಿಸ್ ಮೇಳದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೇಲಿ ಓಡಿತು. ನಮ್ಮ ಕರ್ನಾಟಕದಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿದ ಪ್ರಯೋಗಗಳು ಅದೇ ದಾರೀಲಿ ಬಂದವು. 1912ರಲ್ಲಿ ಸೆಲಾಂಡಿಯಾ ಅನ್ನೋ ಡೆನ್ಮಾರ್ಕಿನ ಹಡಗು ಡೀಸೆಲ್ ಎಂಜಿನ್ ಹಾಕ್ಕೊಂಡು ಬ್ಯಾಂಕಾಕ್‌ವರೆಗೂ ಹೋಗಿ ಬಂತು.

ಎಂಜಿನ್ ಗೆಲ್ತಾ ಹೋಯ್ತು, ಮನುಷ್ಯ ಸೋಲ್ತಾ ಹೋದರು. ಅಮೆರಿಕದ ಹಕ್ಕನ್ನ ಅಡಾಲ್ಫಸ್ ಬುಷ್ ಅನ್ನೋ ಬಿಯರ್ ಉದ್ಯಮಿ ಹತ್ತು ಲಕ್ಷ ಮಾರ್ಕಿಗೆ ಕೊಂಡಿದ್ದರು. ಮ್ಯೂನಿಕ್‌ನಲ್ಲಿ ರುಡಾಲ್ಫ್ ಅರಮನೆಯಂಥ ಮನೆ ಕಟ್ಟಿಸಿದರು. ಆದರೆ ಮೊದಮೊದಲು ಮಾರಿದ ಎಂಜಿನ್‌ಗಳು ಪದೇಪದೇ ಕೆಟ್ಟವು, ದೂರುಗಳು ಬಂದವು, ಪೇಟೆಂಟ್ ಜಗಳಗಳು ನಿಲ್ಲಲಿಲ್ಲ. ತಲೆನೋವು, ನಿದ್ದೆ ಇಲ್ಲ, ಕೊನೆಗೆ ಮಾನಸಿಕವಾಗಿ ಕುಸಿದು ಆರೋಗ್ಯಧಾಮ ಸೇರಬೇಕಾಯ್ತು. ಜಮೀನು ವ್ಯವಹಾರದಲ್ಲಿ ಹಾಕಿದ ದುಡ್ಡು ಮುಳುಗಿತು. ಶಾಖದಲ್ಲಿ ಒಂದೊಂದು ಶೇಕಡಾ ಉಳಿಸೋಕೆ ವರ್ಷಗಟ್ಟಲೆ ಕೂತ ಮನುಷ್ಯ, ಮನೆಯ ಜಮಾ-ಖರ್ಚು ಮಾತ್ರ ಸರಿಯಾಗಿ ನೋಡಲಿಲ್ಲ. ಕಷ್ಟ ಇದೆ ಅಂತ ಮನೆಯವರಿಗೂ ಬಾಯಿಬಿಟ್ಟು ಹೇಳಲಿಲ್ಲ.

1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್‌ನಲ್ಲಿ ಡ್ರೆಸ್ಡನ್ ಅನ್ನೋ ಹಡಗು ಹತ್ತಿದರು. ಇಂಗ್ಲೆಂಡಿನಲ್ಲಿ ಕಂಪನಿ ಮೀಟಿಂಗ್ ಇತ್ತು. ರಾತ್ರಿ ಊಟ ಮಾಡಿ, ಬೆಳಗ್ಗೆ ಆರೂಕಾಲಿಗೆ ಎಬ್ಬಿಸಿ ಅಂತ ಹೇಳಿ ಕ್ಯಾಬಿನ್ನಿಗೆ ಹೋದರು. ಬೆಳಗ್ಗೆ ನೋಡಿದರೆ ಹಾಸಿಗೇಲಿ ಯಾರೂ ಮಲಗಿದ ಗುರುತಿಲ್ಲ. ಟೋಪಿ ಮತ್ತು ಕೋಟು ಡೆಕ್ಕಿನ ಮೇಲೆ ಸಿಕ್ಕವು. ಸುಮಾರು ಹತ್ತು ದಿನ ಆದಮೇಲೆ ಒಂದು ಡಚ್ ದೋಣಿಯವರಿಗೆ ಸಮುದ್ರದಲ್ಲಿ ಶವ ಸಿಕ್ಕಿತು. ಜೇಬಿನಲ್ಲಿದ್ದ ವಸ್ತುಗಳನ್ನ ಮಾತ್ರ ತಂದರು, ಮಗ ಅವನ್ನ ಗುರುತಿಸಿದ. ಹೊರಡೋ ಮೊದಲು ಹೆಂಡತಿ ಕೈಗೆ ಒಂದು ಬ್ಯಾಗ್ ಕೊಟ್ಟು, ಮುಂದಿನ ವಾರ ತೆರಿ ಅಂತ ಹೇಳಿದ್ದರು. ಅದರಲ್ಲಿ ನಗದು ದುಡ್ಡು ಇತ್ತು. ಡೈರಿಯಲ್ಲಿ ಆ ತಾರೀಖಿಗೆ ಒಂದು ಶಿಲುಬೆ ಗುರುತು. ಆಸ್ತಿ ಲೆಕ್ಕ ಹಾಕಿದರೆ ಸಾಲವೇ ಹೆಚ್ಚು. ಕೊಲೆ ಅಂತ ಹೇಳೋವರು ಇವತ್ತಿಗೂ ಇದ್ದಾರೆ. ಆ ಬ್ಯಾಗ್, ಆ ಗುರುತು, ಆ ಸಾಲ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಹಾಗನ್ನಿಸಲ್ಲ. ಆಗ ಅವರಿಗೆ 55 ವರ್ಷ.

ತಮ್ಮ ಎಂಜಿನ್ ಕಾರಿನೊಳಗೆ ಕೂತದ್ದನ್ನ ಅವರು ನೋಡಲಿಲ್ಲ. 1927ರಲ್ಲಿ ಬಾಷ್ ಕಂಪನಿಯ ಇಂಜೆಕ್ಷನ್ ಪಂಪ್ ಬಂದ ಮೇಲೆ ಆ ದೊಡ್ಡ ಕಂಪ್ರೆಸರ್ ಬೇಕಾಗಲಿಲ್ಲ. 1936ರಲ್ಲಿ ಮರ್ಸಿಡಿಸ್ 260 ಡಿ ಬಂತು, 2.6 ಲೀಟರ್, 45 ಹಾರ್ಸ್‌ಪವರ್. ಅದನ್ನ ಮೆಚ್ಚಿಕೊಂಡವರು ಟ್ಯಾಕ್ಸಿಯವರು. ದಿನವಿಡೀ ಓಡೋ ಗಾಡಿ ಅಲ್ವಾ, ಎಂಜಿನ್ನಿನ ಗುಣಕ್ಕೂ ಕೆಲಸಕ್ಕೂ ಸರಿಹೋಯ್ತು.

ಎಡವಟ್ಟು ಆಗಿದ್ದು ಎಲ್ಲರಿಗೂ ಡೀಸೆಲ್ಲೇ ಸರಿ ಅಂತ ಹೊರಟಾಗ. 2001ರಲ್ಲಿ ಬ್ರಿಟನ್ ಹೊಸ ಕಾರುಗಳ ರಸ್ತೆ ತೆರಿಗೆಯನ್ನ ಕಾರ್ಬನ್ ಡೈಆಕ್ಸೈಡ್ ಪ್ರಮಾಣಕ್ಕೆ ಜೋಡಿಸಿತು. ಡೀಸೆಲ್ ಕಡಿಮೆ ಕುಡಿಯುತ್ತೆ, ಹಾಗಾಗಿ ತೆರಿಗೆಯೂ ಕಡಿಮೆ. ಜನ ಸಾಲುಸಾಲಾಗಿ ಡೀಸೆಲ್ ಕೊಂಡರು. ಲೆಕ್ಕದಿಂದ ಬಿಟ್ಟುಹೋದದ್ದು ಮಸಿ ಮತ್ತು ನೈಟ್ರೋಜನ್ ಆಕ್ಸೈಡ್. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ-ಇಂಧನ ಸರಿ ಅಳತೇಲಿ ಉರಿಯುತ್ತೆ, ಒಂದು ಥ್ರೀ-ವೇ ಕ್ಯಾಟಲಿಸ್ಟ್ ಹೊಗೆಯ ಬಹುಪಾಲು ವಿಷ ತೆಗೆಯುತ್ತೆ. ಡೀಸೆಲ್‌ನಲ್ಲಿ ಗಾಳಿ ಯಾವಾಗಲೂ ಜಾಸ್ತಿ, ಹೊಗೇಲೂ ಆಕ್ಸಿಜನ್ ಉಳಿದಿರುತ್ತೆ. ಅಂಥ ಹೊಗೇಲಿ ಆ ಕ್ಯಾಟಲಿಸ್ಟ್ ನೈಟ್ರೋಜನ್ ಆಕ್ಸೈಡನ್ನ ಒಡೆಯಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಟೆಸ್ಟಿನಲ್ಲಿ ಮಾತ್ರ ಶುದ್ಧವಾಗಿ ಕಾಣೋ ಸಾಫ್ಟ್‌ವೇರ್ ಹಾಕಿದ್ದು ಬಯಲಾಯ್ತು. ಪ್ರಪಂಚದಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಅದು ಇತ್ತು.

ಈಗ ಲಂಡನ್ನಿನಲ್ಲಿ ಒಂದು ಕುಟುಂಬ ಹಳೇ ಎಸ್ಟೇಟ್ ಕಾರು ಹುಡುಕ್ತಿದೆ ಅಂದುಕೊಳ್ಳಿ. ಎಸ್ಟೇಟ್ ಅಂದ್ರೆ ಛಾವಣಿ ಡಿಕ್ಕಿಯ ಕೊನೆವರೆಗೂ ಹೋಗಿರೋ ಉದ್ದನೆಯ ಕಾರು. ಮಕ್ಕಳು, ನಾಯಿ, ಸಾಮಾನು ಎಲ್ಲ ಹಿಡಿಯುತ್ತೆ. ಓಡಾಟ ಸ್ಕೂಲು, ಅಂಗಡಿ, ವರ್ಷಕ್ಕೆ 6,000 ಕಿಲೋಮೀಟರ್. ಪೆಟ್ರೋಲ್ ಲೀಟರಿಗೆ 12, ಡೀಸೆಲ್ 16 ಕೊಡುತ್ತೆ ಅಂತ ಇಟ್ಕೊಳ್ಳೋಣ. ಒಂದಕ್ಕೆ 500 ಲೀಟರ್, ಇನ್ನೊಂದಕ್ಕೆ 375. ಉಳಿತಾಯ 125 ಲೀಟರ್. ಎರಡಕ್ಕೂ ಲೀಟರಿಗೆ ಒಂದೂವರೆ ಪೌಂಡ್ ಹಿಡಿದರೆ ವರ್ಷಕ್ಕೆ 187.50 ಪೌಂಡ್. 2023ರ ಆಗಸ್ಟ್‌ನಿಂದ ಇಡೀ ಲಂಡನ್ನಿಗೆ ಹೊಗೆ ನಿಯಮ ಇದೆ. ಪೆಟ್ರೋಲ್ ಕಾರು ಯೂರೋ 4 ಇದ್ದರೆ ಸಾಕು, ಅಂದ್ರೆ ಸುಮಾರು 2006ರ ನಂತರದ್ದು. ಡೀಸೆಲ್ ಯೂರೋ 6 ಇರಬೇಕು, ಸುಮಾರು 2015ರ ಸೆಪ್ಟೆಂಬರ್ ನಂತರದ್ದು. ಇಲ್ಲದಿದ್ದರೆ ಓಡಿಸಿದ ದಿನಕ್ಕೆ 12.50 ಪೌಂಡ್. ಹದಿನೈದೇ ದಿನಕ್ಕೆ ವರ್ಷದ ಉಳಿತಾಯ ಖಾಲಿ!

ಶುಲ್ಕ ಇಲ್ಲದ ಊರಲ್ಲೂ ಇನ್ನೊಂದು ಖರ್ಚಿದೆ. ಈಗಿನ ಡೀಸೆಲ್ ಕಾರಿನ ಸೈಲೆನ್ಸರ್ ದಾರೀಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ಅದು ತುಂಬಿದಾಗ ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನ ಸುಡಬೇಕು. ಹೈವೇಲಿ ಅರ್ಧ ಗಂಟೆ ಓಡಿದರೆ ಅದರ ಪಾಡಿಗೆ ಅದು ಆಗುತ್ತೆ. ಎರಡು ಕಿಲೋಮೀಟರ್ ಹೋಗಿ ಆಫ್ ಮಾಡೋ ಗಾಡೀಲಿ ಎಂಜಿನ್ನೇ ಬಿಸಿ ಆಗಿರಲ್ಲ. ಫಿಲ್ಟರ್ ಕಟ್ಟಿಕೊಳ್ಳುತ್ತೆ, ಬದಲಾಯಿಸೋ ಬಿಲ್ಲು ಹಳೇ ಕಾರಿನ ಬೆಲೆಯ ಜೊತೆ ಹೋಲಿಸಿದರೆ ಎದೆ ಝಲ್ ಅನ್ನುತ್ತೆ. ಅಂಥವರಿಗೆ ಹಳೇ ಪೆಟ್ರೋಲ್ ಎಸ್ಟೇಟೇ ಸರಿ. ವರ್ಷಕ್ಕೆ 30,000 ಕಿಲೋಮೀಟರ್ ಹೈವೇ ಓಡಿಸೋರಿಗೆ, ಭಾರ ಎಳೆಯೋರಿಗೆ ಡೀಸೆಲ್ ಇವತ್ತಿಗೂ ಸರಿ.

ಹಾಗಂತ ಇದರಲ್ಲಿ ರುಡಾಲ್ಫ್ ಡೀಸೆಲ್ ಸೋತ ಹಾಗೆ ಏನೂ ಇಲ್ಲ. ಬೇಕಾದಷ್ಟು ಹೊತ್ತು ಬಿಸಿಯಾಗಿ ದುಡಿಯೋ ಯಂತ್ರವನ್ನ ಅವರು ಮಾಡಿದ್ದು. ಸ್ಕೂಲಿನ ಗೇಟಿನವರೆಗೆ ಹೋಗಿ ಬರೋ ಕೆಲಸಕ್ಕೆ ಅದನ್ನ ಹಚ್ಚಿದ್ದು ನಾವು. ದಕ್ಷತೆ ಅನ್ನೋದು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು. ಅದೊಂದನ್ನೇ ನೋಡಿ ಸರ್ಕಾರಗಳು ಎಡವಿದವು, ಕಂಪನಿಗಳು ಎಡವಿದವು, ಆ ಸಾಲನ್ನ ಬರೆದ ಮನುಷ್ಯನೂ ತನ್ನ ಬದುಕಿನ ಮಿಕ್ಕ ಸಾಲುಗಳನ್ನ ನೋಡದೆ ಹೋದರು. ಮುಂದಿನ ಸಲ ನೆಂಟರು ಪೆಟ್ರೋಲಾ ಡೀಸೆಲಾ ಅಂತ ಕೇಳಿದರೆ, ನಾವು ಮೈಲೇಜ್ ಹೇಳೋ ಮೊದಲು ದಿನಕ್ಕೆ ಎಷ್ಟು ದೂರ, ಎಲ್ಲಿ, ಎಷ್ಟು ಹೊತ್ತು ಓಡಿಸ್ತೀರ ಅಂತ ಕೇಳೋಣ. 1897ರ ಆ ಎಂಜಿನ್ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿ ಈಗಲೂ ಇದೆ. ಯಾರಿಗಾದರೂ ಜರ್ಮನಿಗೆ ಎಂ.ಎಸ್. ಮಾಡೋಕೆ ಸೀಟು ಸಿಕ್ಕರೆ ಒಂದು ಭಾನುವಾರ ಹೋಗಿ ನೋಡಿ ಬನ್ನಿ.